ಒಬ್ಬರೇ ಪಿಯಾನೋ ನುಡಿಸುತ್ತಾ ಹಾಡುವ ಕಛೇರಿಯನ್ನು ರೆಕಾರ್ಡ್ ಮಾಡುವುದು ಹೇಗೆ?

ವೇದಿಕೆಯ ಮೇಲೆ ಒಂದು ಪಿಯಾನೋ, ಅದರ ಮುಂದೆ ಕುಳಿತು ನುಡಿಸುತ್ತಾ ಹಾಡುವ ಒಬ್ಬರೇ ಕಲಾವಿದರು. ಹತ್ತಾರು ವಾದ್ಯಗಳ ತಂಡವನ್ನು ರೆಕಾರ್ಡ್ ಮಾಡಿ ಅಭ್ಯಾಸವಿರುವವರಿಗೆ ಇದು ಬಿಡುವಿನ ದಿನದ ಕೆಲಸದಂತೆ ಕಾಣುತ್ತದೆ. ಆದರೆ ತಂಡದ ಗದ್ದಲದಲ್ಲಿ ಮುಚ್ಚಿಹೋಗುವ ಸಣ್ಣಪುಟ್ಟ ತಪ್ಪುಗಳೆಲ್ಲ ಇಲ್ಲಿ ಬಯಲಿಗೆ ಬಂದು ನಿಲ್ಲುತ್ತವೆ. ಹಾಡುವವರ ಬಾಯಿಗೂ ಪಿಯಾನೋದ ತಂತಿಗಳಿಗೂ ನಡುವೆ ಇರುವ ದೂರ ಒಂದು ಮೀಟರಿನ ಆಸುಪಾಸು ಮಾತ್ರ. ಹಾಡಿಗೆಂದು ಇಟ್ಟ ಮೈಕ್ ಪಿಯಾನೋವನ್ನೂ ಕೇಳುತ್ತದೆ, ಪಿಯಾನೋಗೆಂದು ಇಟ್ಟ ಮೈಕ್‌ಗಳು ಹಾಡನ್ನೂ ಕೇಳುತ್ತವೆ. ಈ ಸೋರಿಕೆಯನ್ನು ಪೂರ್ತಿಯಾಗಿ ತಡೆಯಲು ಹೊರಟವರು ಕೊನೆಗೆ ಹಾಡನ್ನೂ ಕೆಡಿಸುತ್ತಾರೆ, ಪಿಯಾನೋವನ್ನೂ ಕೆಡಿಸುತ್ತಾರೆ. ಹಾಡಿನ ಮೈಕನ್ನು ಪಿಯಾನೋದ ಇನ್ನೊಂದು ಮೈಕ್ ಎಂದೇ ಎಣಿಸಿ, ಅದರೊಳಗೆ ಸೋರಿ ಬರುವ ಪಿಯಾನೋ ಕೇಳಲು ಹಿತವಾಗಿರುವಂತೆ ನೋಡಿಕೊಳ್ಳುವುದೇ ಈ ಕೆಲಸದ ಮರ್ಮವೆಂಬುದು ನನ್ನ ಅನುಭವ. ಮುಂದೆ ಹೇಳುವ ಹಂತಗಳೆಲ್ಲ ಈ ಒಂದು ಮಾತಿನ ಸುತ್ತಲೇ ಇವೆ.

ಮೊದಲ ಹಂತ: ಬರಿಗಿವಿಯಿಂದ ಕೇಳುವುದು

ಕಛೇರಿಯ ದಿನಕ್ಕೆ ಮುಂಚೆಯೇ ಒಮ್ಮೆ ಸಭಾಂಗಣಕ್ಕೆ ಹೋಗಿ, ಸಾಧ್ಯವಾದರೆ ಕಛೇರಿ ನಡೆಯುವ ಹೊತ್ತಿನಲ್ಲೇ ಹೋಗಿ, ಏನನ್ನೂ ಜೋಡಿಸದೆ ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಹವಾನಿಯಂತ್ರಣದ ಗುಂಯ್ ಸದ್ದು, ಸ್ಟೇಜ್ ಲೈಟುಗಳ ಫ್ಯಾನ್, ಹೊರಗಿನ ರಸ್ತೆ, ಎಲ್ಲೋ ಮೂಲೆಯಲ್ಲಿ ಓಡುತ್ತಿರುವ ಫ್ರಿಜ್ಜು, ಇವೆಲ್ಲ ಆಗ ಒಂದೊಂದಾಗಿ ಕಿವಿಗೆ ಬೀಳುತ್ತವೆ. ಮೆಲುದನಿಯ ಹಾಡಿನ ಕೊನೆಯಲ್ಲಿ ಪಿಯಾನೋದ ನಾದ ಕರಗುತ್ತಾ ಹೋಗುವ ಆರೇಳು ಸೆಕೆಂಡುಗಳಲ್ಲಿ ಇವೆಲ್ಲವೂ ರೆಕಾರ್ಡಿಂಗಿನಲ್ಲಿ ತಲೆ ಎತ್ತುತ್ತವೆ. ಯಾವುದನ್ನು ಆರಿಸಬಹುದು, ಯಾರನ್ನು ಕೇಳಬೇಕು ಎಂಬುದನ್ನು ಅಂದೇ ಗೊತ್ತುಮಾಡಿಕೊಳ್ಳಿ. ಕಲಾವಿದರ, ಸಭಾಂಗಣದವರ ಮತ್ತು ಹಾಡುಗಳ ಹಕ್ಕುದಾರರ ಅನುಮತಿಯ ವಿಷಯವನ್ನೂ ಆ ಹೊತ್ತಿಗೇ ಮುಗಿಸಿಕೊಂಡರೆ ಒಳ್ಳೆಯದು.

ಕಛೇರಿ ಧ್ವನಿವರ್ಧಕದ ನೆರವಿಲ್ಲದೆ ನಡೆಯುತ್ತದೆಯೋ, ಅಥವಾ ಸಭಿಕರಿಗೆ ಸ್ಪೀಕರುಗಳ ಮೂಲಕ ಕೇಳಿಸಲಾಗುತ್ತದೆಯೋ ಎಂಬುದೇ ಮುಂದಿನ ನಿರ್ಧಾರಗಳಿಗೆಲ್ಲ ಆಧಾರ. ಧ್ವನಿವರ್ಧಕವಿಲ್ಲದ, ಅನುರಣನ ಚೆನ್ನಾಗಿರುವ ಸಭಾಂಗಣದಲ್ಲಿ ಪಿಯಾನೋದಿಂದ ಎರಡು ಮೂರು ಮೀಟರ್ ದೂರದಲ್ಲಿ, ಎರಡು ಎರಡೂವರೆ ಮೀಟರ್ ಎತ್ತರದಲ್ಲಿ ಒಂದು ಸ್ಟೀರಿಯೋ ಜೋಡಿಯನ್ನು ನಿಲ್ಲಿಸಿದರೆ ಅರ್ಧ ಕೆಲಸ ಮುಗಿದಂತೆ. ಎರಡು ಕಾರ್ಡಿಯಾಯ್ಡ್ (ಎದುರಿನದನ್ನು ಹೆಚ್ಚು, ಹಿಂದಿನದನ್ನು ಕಡಿಮೆ ಕೇಳುವ) ಮೈಕ್‌ಗಳನ್ನು 17 ಸೆಂಟಿಮೀಟರ್ ಅಂತರದಲ್ಲಿ, 110 ಡಿಗ್ರಿ ಕೋನದಲ್ಲಿ ಹೊರಮುಖವಾಗಿ ತಿರುಗಿಸಿ ಇಡುವ, ಫ್ರಾನ್ಸಿನ ರೇಡಿಯೋದಲ್ಲಿ ರೂಪುಗೊಂಡ ಓಆರ್‌ಟಿಎಫ್ ಪದ್ಧತಿ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಆದರೆ ಅರ್ಧ ಎಂದು ಹೇಳಿದ್ದಕ್ಕೆ ಕಾರಣವಿದೆ. ತಂತಿಗಳು ಅಡ್ಡ ಮಲಗಿರುವ ಗ್ರ್ಯಾಂಡ್ ಪಿಯಾನೋದ ಮುಂದೆ ಕುಳಿತವರು ಸಭಿಕರಿಗೆ ಮುಖ ಕೊಡುವುದಿಲ್ಲ, ಬಲ ಮಗ್ಗುಲನ್ನು ಕೊಡುತ್ತಾರೆ. ಮುಚ್ಚಳ ತೆರೆದಿರುವುದು ಸಭೆಯ ಕಡೆಗೆ, ಹಾಡುವ ಬಾಯಿ ತಿರುಗಿರುವುದು ವೇದಿಕೆಯ ಇನ್ನೊಂದು ಪಕ್ಕಕ್ಕೆ. ಅಕ್ಷರಗಳನ್ನು ಸ್ಪಷ್ಟವಾಗಿ ಕೇಳಿಸುವ ಎತ್ತರದ ಕಂಪನಗಳು ಬಾಯಿಯ ನೇರಕ್ಕೆ ಹೋಗುವುದರಿಂದ, ಸಭೆಯ ಕಡೆ ನಿಂತ ಜೋಡಿಗೆ ಪಿಯಾನೋ ಹೊಳಪಾಗಿಯೂ ಹಾಡು ಸ್ವಲ್ಪ ಮಂಕಾಗಿಯೂ ಸಿಗುತ್ತದೆ. ಜೋಡಿಯೊಂದರಿಂದಲೇ ತೃಪ್ತರಾಗಲು ಬಯಸುವವರಿಗೂ ಹಾಡಿಗೆ ಪ್ರತ್ಯೇಕ ಮೈಕ್ ಬೇಕಾಗುವುದು ಇದರಿಂದಲೇ.

ಎರಡನೆಯ ಹಂತ: ಪಿಯಾನೋವನ್ನು ಸಜ್ಜುಗೊಳಿಸುವುದು

ಪಿಯಾನೋವನ್ನು ಅದು ನಿಲ್ಲಬೇಕಾದ ಜಾಗಕ್ಕೆ ತಂದು, ಕಛೇರಿಯ ವೇಳೆಯ ಲೈಟುಗಳನ್ನೂ ಹವಾನಿಯಂತ್ರಣವನ್ನೂ ಹಾಕಿ, ವಾದ್ಯ ಆ ಹವೆಗೆ ಹೊಂದಿಕೊಂಡ ಮೇಲೆ ಶ್ರುತಿ ಮಾಡಿಸಬೇಕು. ಶ್ರುತಿ ಮಾಡಿದ ನಂತರ ವಾದ್ಯವನ್ನು ದೂಡುವುದು, ಬಿಸಿ ಲೈಟುಗಳನ್ನು ಹೊತ್ತಿಸುವುದು ಎರಡೂ ಮಾಡಿದ ಕೆಲಸವನ್ನು ಅಳಿಸಿದ ಹಾಗೆ. ಸಭಿಕರು ಒಳಬರುವ ಮುನ್ನ ಇನ್ನೊಮ್ಮೆ ಕೈಯಾಡಿಸಲು ಶ್ರುತಿಕಾರರಿಗೆ ಅರ್ಧ ಗಂಟೆ ಬಿಡುವು ಕೊಡಿ, ಮತ್ತು ಆ ಅರ್ಧ ಗಂಟೆ ವೇದಿಕೆಯಲ್ಲಿ ಬೇರೆ ಯಾರೂ ಸದ್ದು ಮಾಡದಂತೆ ನೋಡಿಕೊಳ್ಳಿ.

ಶ್ರುತಿಗಿಂತ ಹೆಚ್ಚು ಮೋಸ ಮಾಡುವುದು ಪೆಡಲ್. ನನ್ನ ಮೊದಲ ದಿನಗಳ ಒಂದು ರೆಕಾರ್ಡಿಂಗಿನಲ್ಲಿ, ಬಲಗಾಲಿನ ಪೆಡಲನ್ನು ಬಿಡುವಾಗಲೆಲ್ಲ ಹಳೆಯ ಬಾಗಿಲಿನ ಕೀಲು ತಿರುಗಿದಂತಹ ಕಿರ್ ಸದ್ದೊಂದು ಬರುತ್ತಿತ್ತು. ಸಭಾಂಗಣದಲ್ಲಿ ಯಾರಿಗೂ ಅದು ಕೇಳಿಸಿರಲಿಲ್ಲ, ಸ್ಪೀಕರಿನಲ್ಲಿ ನನಗೂ ಕೇಳಿಸಲಿಲ್ಲ. ಮನೆಗೆ ಬಂದು ಹೆಡ್‌ಫೋನ್ ಹಾಕಿದ ಮೇಲೆ ಮೂರು ನಿಧಾನಗತಿಯ ಹಾಡುಗಳಲ್ಲಿ ಅದನ್ನು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಅಂದಿನಿಂದ ನಾನು ಶ್ರುತಿಕಾರರ ಎದುರಿಗೇ ಒಂದು ಮೈಕ್ ಇಟ್ಟು, ಹೆಡ್‌ಫೋನಿನಲ್ಲಿ ಕೇಳುತ್ತಾ, ಸ್ವರ ನುಡಿಸದೆ ಮೂರೂ ಪೆಡಲುಗಳನ್ನು ನಿಧಾನವಾಗಿಯೂ ವೇಗವಾಗಿಯೂ ಒತ್ತಿ ನೋಡುತ್ತೇನೆ. ಸದ್ದು ಬಂದರೆ ಅದನ್ನು ಅವರೇ ಅಲ್ಲಿಯೇ ಸರಿಪಡಿಸಬಲ್ಲರು. ಕುರ್ಚಿ ಕಿರುಗುಟ್ಟುತ್ತದೆಯೇ, ಕಲಾವಿದರ ಬಳೆ ಕೀಲಿಮಣೆಗೆ ತಾಗುತ್ತದೆಯೇ, ತಾಳ ಹಾಕುವ ಎಡಗಾಲಿನ ಪಾದರಕ್ಷೆ ಹಲಗೆಯನ್ನು ಕುಟ್ಟುತ್ತದೆಯೇ ಎಂಬುದನ್ನೂ ಹೀಗೆಯೇ ನೋಡಬೇಕು. ಕಾಲಡಿಗೆ ಒಂದು ತುಂಡು ಕಾರ್ಪೆಟ್ ಹಾಸಿದರೆ ಕೊನೆಯದು ಮುಗಿಯುತ್ತದೆ.

ಮೂರನೆಯ ಹಂತ: ಹಾಡಿನ ಮೈಕ್

ಹೆಚ್ಚಿನವರು ಪಿಯಾನೋದ ಮೈಕ್‌ಗಳನ್ನು ಮೊದಲು ಹೊಂದಿಸಿ, ಹಾಡಿನ ಮೈಕನ್ನು ಕೊನೆಗೆ ತಂದು ನಿಲ್ಲಿಸುತ್ತಾರೆ. ಇದನ್ನು ತಿರುಗಿಸಿ ಮಾಡಿ. ಮೊದಲು ಹಾಡಿನ ಮೈಕನ್ನು ಮಾತ್ರ ಇಟ್ಟು, ಕಲಾವಿದರಿಗೆ ಹಾಡದೆ ಬರಿದೇ ನುಡಿಸಲು ಹೇಳಿ, ಹೆಡ್‌ಫೋನಿನಲ್ಲಿ ಕೇಳಿ. ಆಗ ಕೇಳಿಸುವ ಪಿಯಾನೋ ಡಬ್ಬಿಯೊಳಗಿನ ಸದ್ದಿನಂತಿದ್ದರೆ, ನೀವು ಪಿಯಾನೋಗೆ ಎಷ್ಟೇ ಬೆಲೆಬಾಳುವ ಮೈಕ್‌ಗಳನ್ನು ಇಟ್ಟರೂ ಕಡೆಯ ಮಿಶ್ರಣದಲ್ಲಿ ಆ ಡಬ್ಬಿ ಸದ್ದು ಬೆರೆತೇ ಇರುತ್ತದೆ. ಅದು ಹದವಾಗಿ, ದೂರದಿಂದ ಬಂದಂತೆ, ಸಹಜವಾಗಿ ಕೇಳಿಸುವವರೆಗೆ ಮೈಕಿನ ಜಾತಿಯನ್ನೋ ಕೋನವನ್ನೋ ಬದಲಿಸುತ್ತಾ ಹೋಗಬೇಕು.

ಇಲ್ಲಿ ಮೈಕಿನ ಕಿವುಡು ದಿಕ್ಕು ಯಾವುದೆಂಬುದೇ ಮುಖ್ಯ. ಕಾರ್ಡಿಯಾಯ್ಡ್ ಮೈಕ್ ತನ್ನ ಬೆನ್ನ ಹಿಂದೆ, ಅಂದರೆ 180 ಡಿಗ್ರಿಯಲ್ಲಿ, ಅತಿ ಕಡಿಮೆ ಕೇಳಿಸಿಕೊಳ್ಳುತ್ತದೆ. ಅದನ್ನು ಬಾಯಿಗಿಂತ ತುಸು ಕೆಳಗಿನಿಂದ ಮೇಲ್ಮುಖವಾಗಿ ತೋರಿಸಿದರೆ ಅದರ ಬಾಲ ಸ್ವರಪತ್ರದ ಹಲಗೆಯಾಚೆಗಿನ ಸುತ್ತಿಗೆಗಳ ಕಡೆಗೆ ಇಳಿಯುತ್ತದೆ. ಎದುರಿನದನ್ನು ಇನ್ನೂ ಕಿರಿದಾಗಿ ಕೇಳುವ ಸೂಪರ್‌ಕಾರ್ಡಿಯಾಯ್ಡ್ ಮೈಕಿನ ಕಿವುಡು ದಿಕ್ಕು ಸುಮಾರು 126 ಡಿಗ್ರಿಯಲ್ಲಿರುವುದರಿಂದ ಅದನ್ನು ಬಾಯಿಯ ಮಟ್ಟಕ್ಕೆ ನೆಲಕ್ಕೆ ಸಮಾನಾಂತರವಾಗಿ ಹಿಡಿದರೇ ಆ ದಿಕ್ಕು ಬಾಲದಿಂದ 54 ಡಿಗ್ರಿ ಕೆಳಕ್ಕೆ, ಕೀಲಿಮಣೆಯ ಮತ್ತು ಸುತ್ತಿಗೆಗಳ ಮೇಲೆ ಬೀಳುತ್ತದೆ. ಇದೇ ಕಾರಣಕ್ಕೆ ಎರಡು ಬಗೆಯ ಮೈಕ್‌ಗಳನ್ನು ಒಂದೇ ಕೋನದಲ್ಲಿ ಇಟ್ಟು ಹೋಲಿಸುವುದು ನ್ಯಾಯವಲ್ಲ.

ಧ್ವನಿವರ್ಧಕವಿಲ್ಲದ ಕಛೇರಿಗಾದರೆ ನನ್ನ ಆಯ್ಕೆ ಫಿಗರ್-ಎಯ್ಟ್ ಮೈಕ್. ಅದು ಹಿಂದೆ ಮುಂದೆ ಎರಡೂ ಕಡೆ ಸಮವಾಗಿ ಕೇಳಿಸಿಕೊಂಡರೂ, 90 ಡಿಗ್ರಿಯ ಪಕ್ಕಗಳಲ್ಲಿ ಅದರಷ್ಟು ಕಿವುಡು ಬೇರಾವ ಮೈಕೂ ಅಲ್ಲ. ಅದನ್ನು ಹಾಡುವವರ ಹಣೆಯ ಮಟ್ಟದಲ್ಲಿ ನಿಲ್ಲಿಸಿ, 45 ಡಿಗ್ರಿಯಷ್ಟು ಬಾಗಿಸಿ ಬಾಯಿಯ ಕಡೆ ನೋಡುವಂತೆ ಮಾಡಿದರೆ, ಕಿವುಡು ಪಕ್ಕ ಸರಿಯಾಗಿ ತಂತಿಗಳ ಮೇಲೆ ಬರುತ್ತದೆ, ಬೆನ್ನು ಚಾವಣಿಯ ಕಡೆ ತಿರುಗುತ್ತದೆ. ಕೋನವನ್ನು ಕಣ್ಣಳತೆಯಿಂದ ತೀರ್ಮಾನಿಸಬೇಡಿ. ಕಲಾವಿದರು ನಡುವಿನ ಸ್ವರಗಳನ್ನು ನುಡಿಸುತ್ತಿರಲಿ, ನೀವು ಹೆಡ್‌ಫೋನ್ ಹಾಕಿಕೊಂಡು ಮೈಕನ್ನು ಒಂದೊಂದೇ ಬೆರಳಿನಷ್ಟು ಬಾಗಿಸಿ. ಒಂದು ಕಡೆ ಪಿಯಾನೋ ಥಟ್ಟನೆ ಹಿಂದೆ ಸರಿದಂತಾಗುತ್ತದೆ, ಅಲ್ಲಿಯೇ ತಿರುಪು ಬಿಗಿಮಾಡಿ. ಫಿಗರ್-ಎಯ್ಟ್ ಮೈಕ್ ರಿಬ್ಬನ್ ಜಾತಿಯದಾಗಿದ್ದರೆ (ಒಳಗೆ ತೆಳುವಾದ ಲೋಹದ ಪಟ್ಟಿಯಿರುವ ಬಗೆ) ಆ ಚಾನೆಲ್ಲಿಗೆ 48 ವೋಲ್ಟಿನ ಫ್ಯಾಂಟಮ್ ಪವರ್ (ಕೇಬಲಿನ ಮೂಲಕವೇ ಮೈಕಿಗೆ ಕಳಿಸುವ ವಿದ್ಯುತ್ತು) ಹೋಗದಂತೆ ಎಚ್ಚರ ವಹಿಸಿ, ಏಕೆಂದರೆ ಕೇಬಲಿನಲ್ಲಿ ಸಣ್ಣ ದೋಷವಿದ್ದರೂ ಹಳೆಯ ರಿಬ್ಬನ್ ಹಾಳಾಗಬಹುದು.

ದೂರದ ಲೆಕ್ಕವೂ ಇದೆ. ಬಾಯಿಯಿಂದ ಮೈಕಿಗೆ 15 ಸೆಂಟಿಮೀಟರ್ ಇದ್ದದ್ದು 30 ಆದರೆ ಹಾಡಿನ ಮಟ್ಟ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಅದನ್ನು ಸರಿದೂಗಿಸಲು ಗೇನ್, ಅಂದರೆ ಮೈಕಿನ ಸಿಗ್ನಲನ್ನು ಹಿಗ್ಗಿಸುವ ಪ್ರಮಾಣವನ್ನು, ಏರಿಸಿದರೆ ಸೋರಿ ಬರುವ ಪಿಯಾನೋ ಅಷ್ಟೇ ಮೇಲೇರುತ್ತದೆ. ತೀರಾ ಹತ್ತಿರ ಬಂದರೆ ತಗ್ಗು ಸ್ವರಗಳು ಉಬ್ಬುತ್ತವೆ, ‘ಪ’ ‘ಬ’ ಅಕ್ಷರಗಳು ಗಾಳಿಯಾಗಿ ಹೊಡೆಯುತ್ತವೆ. ಒಂದು ಗೇಣಿನ ಒಳಗೆ, ಪಾಪ್ ಫಿಲ್ಟರಿನೊಡನೆ, ಬಾಯಿಯ ನೇರದಿಂದ ಚೂರು ಪಕ್ಕಕ್ಕೆ ಇಟ್ಟರೆ ಸಾಮಾನ್ಯವಾಗಿ ಎಲ್ಲವೂ ಹದಕ್ಕೆ ಬರುತ್ತದೆ. ಸ್ಟ್ಯಾಂಡಿನ ಕಾಲು ಪೆಡಲಿಗಾಗಲಿ ಪಿಯಾನೋದ ಮೈಗಾಗಲಿ ತಾಗಿರಬಾರದು, ಕೈಗಳ ಓಡಾಟಕ್ಕೂ ಅಡ್ಡವಾಗಿರಬಾರದು. ಎಲ್ಲ ಹೊಂದಿಸಿದ ಮೇಲೆ ಕುರ್ಚಿಯ ನಾಲ್ಕೂ ಕಾಲುಗಳ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ. ಒಮ್ಮೆ ಮಧ್ಯಾಹ್ನದ ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿದ್ದು, ಸಂಜೆ ಕಲಾವಿದರು ವೇದಿಕೆಗೆ ಬಂದವರೇ ಅಭ್ಯಾಸಬಲದಿಂದ ಕುರ್ಚಿಯನ್ನು ಹಿಂದಕ್ಕೆ ಸರಿಸಿ ಕುಳಿತುಬಿಟ್ಟರು. ಆ ಒಂದು ಗೇಣಿಗೆ ಇಡೀ ಸಂಜೆ ಹಾಡು ಪಕ್ಕದ ಕೋಣೆಯಿಂದ ಬಂದಂತಿತ್ತು.

ನಾಲ್ಕನೆಯ ಹಂತ: ಪಿಯಾನೋದ ಮೈಕ್‌ಗಳು

ಹಾಡಿಲ್ಲದ ಪಿಯಾನೋವಾದರೆ ಮುಚ್ಚಳವನ್ನು ಪೂರ್ತಿ ತೆರೆದು, ಸುತ್ತಿಗೆಗಳ ಮೇಲೆ 30 ಸೆಂಟಿಮೀಟರಿನಷ್ಟು ಎತ್ತರದಲ್ಲಿ ಎರಡು ಮೈಕ್‌ಗಳನ್ನು ತೂಗುಹಾಕುವ ವಾಡಿಕೆಯಿದೆ. ಇಲ್ಲಿ ಅದು ಒಗ್ಗುವುದಿಲ್ಲ. ಸುತ್ತಿಗೆಗಳ ಜಾಗವೇ ಹಾಡುವ ಬಾಯಿಗೆ ಅತಿ ಹತ್ತಿರದ ಜಾಗ. ಮೈಕ್‌ಗಳನ್ನು ತಂತಿಗಳ ಮಧ್ಯಭಾಗದ ಆಚೆಗೆ, ವಾದ್ಯದ ಬಾಲದ ಕಡೆಗೆ ಒಯ್ಯಿರಿ. ಕಾರ್ಡಿಯಾಯ್ಡ್ ಮೈಕ್‌ಗಳಾದರೆ ಅವುಗಳ ಬೆನ್ನು ಹಾಡುವವರ ಕಡೆಗೆ, ಮುಖ ತಂತಿಗಳ ನಾದವನ್ನು ದೊಡ್ಡದಾಗಿಸುವ ಮರದ ಹಲಗೆಯಾದ ಸೌಂಡ್‌ಬೋರ್ಡಿನ ಕಡೆಗೆ ಇರಲಿ. ನಾದ ಸ್ವಲ್ಪ ದುಂಡಗಾಗುತ್ತದೆ, ಸುತ್ತಿಗೆಯ ಚಟಪಟ ಕಡಿಮೆಯಾಗುತ್ತದೆ. ಹಾಡಿನ ಜೊತೆಗೆ ಕೇಳುವಾಗ ಇದು ನಷ್ಟವೆನಿಸದೆ ಅನುಕೂಲವೇ ಆಗುತ್ತದೆ. ಮುಚ್ಚಳವನ್ನು ಗಿಡ್ಡ ಆಸರೆಕೋಲಿನ ಮೇಲೆ ನಿಲ್ಲಿಸಿದರೆ ಎರಡೂ ಕಡೆಯ ಸೋರಿಕೆ ತಗ್ಗುತ್ತದೆ, ಆದರೆ ನಾದ ತುಸು ಇಕ್ಕಟ್ಟಾಗುತ್ತದೆ. ಸ್ಪೀಕರುಗಳು ಜೋರಾಗಿರುವ ಸಭಾಂಗಣವಲ್ಲದಿದ್ದರೆ ನಾನು ಮುಚ್ಚಳವನ್ನು ಪೂರ್ತಿಯೇ ತೆರೆಯುತ್ತೇನೆ.

ತಂತಿಗಳು ನೆಟ್ಟಗೆ ನಿಂತಿರುವ ಅಪ್‌ರೈಟ್ ಪಿಯಾನೋ ಇದ್ದರೆ ನಿಮ್ಮ ಅದೃಷ್ಟ ಒಂದು ವಿಷಯದಲ್ಲಿ ಒಳ್ಳೆಯದು. ಅದರ ಸೌಂಡ್‌ಬೋರ್ಡ್ ಹಿಂಬದಿಯಲ್ಲಿರುತ್ತದೆ, ಹಾಡುವವರು ಮುಂಬದಿಯಲ್ಲಿರುತ್ತಾರೆ. ವಾದ್ಯವನ್ನು ಗೋಡೆಯಿಂದ ಈಚೆಗೆ ಎಳೆದು, ಹಿಂಬದಿಯ ಹಲಗೆಯಿಂದ ಒಂದು ಗೇಣು ದೂರದಲ್ಲಿ ಎರಡು ಮೈಕ್‌ಗಳನ್ನಿಟ್ಟರೆ ಇಡೀ ಪಿಯಾನೋವೇ ಗೋಡೆಯಂತೆ ನಿಂತು ಹಾಡನ್ನು ತಡೆಯುತ್ತದೆ.

ಮೈಕ್‌ಗಳು ಜಾಗಕ್ಕೆ ಬಂದ ಮೇಲೆ ಫೇಸ್ ಪರೀಕ್ಷೆಯನ್ನು, ಅಂದರೆ ಬೇರೆ ಬೇರೆ ಮೈಕ್‌ಗಳಿಗೆ ಬಂದ ಒಂದೇ ಸದ್ದಿನ ಅಲೆಗಳು ಬೆರೆತಾಗ ಒಂದನ್ನೊಂದು ಅಳಿಸುತ್ತವೆಯೇ ಎಂದು ನೋಡುವುದನ್ನು, ಬಿಡಬೇಡಿ. ಗಾಳಿಯಲ್ಲಿ ಶಬ್ದ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, ಎಂದರೆ ಒಂದು ಮೀಟರಿಗೆ ಹೆಚ್ಚುಕಡಿಮೆ 3 ಮಿಲಿಸೆಕೆಂಡ್. ಅದೇ ಹಾಡು 3 ಮಿಲಿಸೆಕೆಂಡ್ ತಡವಾಗಿ ಪಿಯಾನೋದ ಮೈಕಿಗೂ ಬಂದು, ಎರಡೂ ಬೆರೆತಾಗ, ಸುಮಾರು 167 ಹರ್ಟ್ಸ್‌ನಲ್ಲಿ ಮೊದಲ ಕುಳಿ (ಸದ್ದು ಅಳಿಸಿಹೋಗುವ ಜಾಗ) ಬಿದ್ದು, ಮುಂದೆ ಪ್ರತಿ 333 ಹರ್ಟ್ಸ್‌ಗೆ ಒಂದರಂತೆ ಕುಳಿಗಳು ಬೀಳುತ್ತಾ ಹೋಗುತ್ತವೆ. ಪಿಯಾನೋದ ಮೈಕಿನಲ್ಲಿ ಹಾಡು ಮೆಲ್ಲಗಿದ್ದಷ್ಟೂ ಈ ಕುಳಿಗಳು ಆಳ ಕಳೆದುಕೊಳ್ಳುತ್ತವೆ. ಮೈಕನ್ನು ಬಾಲದ ಕಡೆ ಒಯ್ಯಲು ಹೇಳಿದ್ದು ಇದಕ್ಕಾಗಿಯೂ ಹೌದು. ಎಲ್ಲ ಮೈಕ್‌ಗಳನ್ನೂ ಮೋನೋದಲ್ಲಿ ಒಟ್ಟಿಗೆ ಕೇಳಿ, ಕಲಾವಿದರು ಹಾಡುತ್ತಾ ನುಡಿಸುತ್ತಿರುವಾಗ ಹಾಡಿನ ಚಾನೆಲ್ಲಿನ ಪೋಲಾರಿಟಿಯನ್ನು (ಅಲೆಯ ಮೇಲು ಕೆಳಗನ್ನು ಅದಲುಬದಲು ಮಾಡುವ ಗುಂಡಿ) ತಿರುಗಿಸಿ ನೋಡಿ. ಯಾವ ಸ್ಥಿತಿಯಲ್ಲಿ ಧ್ವನಿಗೆ ಎದೆಯ ತುಂಬು ಇದೆಯೋ ಅದನ್ನು ಉಳಿಸಿ. ಎರಡರಲ್ಲೂ ಧ್ವನಿ ಸೊರಗಿದ್ದರೆ ಗುಂಡಿಯನ್ನು ಬಿಟ್ಟು ಮೈಕನ್ನೇ ಹತ್ತು ಸೆಂಟಿಮೀಟರ್ ಸರಿಸಿ.

ಧ್ವನಿವರ್ಧಕವಿದ್ದರೆ

ಸಭಾಂಗಣದ ಧ್ವನಿ ನಿರ್ವಾಹಕರೊಡನೆ ಮೊದಲೇ ಕುಳಿತು ಮಾತನಾಡಿ. ಪ್ರತಿ ಮೈಕಿನ ಸಿಗ್ನಲನ್ನೂ ಅವರ ಮಿಕ್ಸರಿಗೂ ನಿಮ್ಮ ರೆಕಾರ್ಡರಿಗೂ ಬೇರೆ ಬೇರೆಯಾಗಿ ಒಯ್ಯುವ ಟ್ರಾನ್ಸ್‌ಫಾರ್ಮರ್ ಸ್ಪ್ಲಿಟರ್ ಸಿಕ್ಕರೆ ಉತ್ತಮ. ಫ್ಯಾಂಟಮ್ ಪವರ್ ಯಾರ ಕಡೆಯಿಂದ ಎಂಬುದನ್ನು ಆಗಲೇ ನಿಶ್ಚಯಿಸಿಕೊಳ್ಳಿ. ಅವರ ಡಿಜಿಟಲ್ ಮಿಕ್ಸರಿನಿಂದಲೇ ಟ್ರ್ಯಾಕುಗಳನ್ನು ಪಡೆಯುವುದಾದರೆ, ಕಛೇರಿಯ ನಡುವೆ ಅವರು ಗೇನ್ ತಿರುಗಿಸಿದರೆ ನಿಮ್ಮ ರೆಕಾರ್ಡಿಂಗಿನ ಮಟ್ಟವೂ ಜಿಗಿಯುತ್ತದೆ ಎಂಬುದನ್ನು ತಿಳಿಸಿ, ಏರಿಳಿತವನ್ನೆಲ್ಲ ಫೇಡರಿನಲ್ಲೇ (ಮಿಕ್ಸರಿನ ಮೇಲೆ ಕೆಳಗೆ ಜಾರಿಸುವ ಮಟ್ಟದ ಹಿಡಿಕೆಯಲ್ಲೇ) ಮಾಡುವಂತೆ ಕೇಳಿಕೊಳ್ಳಿ. ಕಲಾವಿದರ ಮುಂದಿನ ಮಾನಿಟರ್ ಸ್ಪೀಕರ್ ಎಷ್ಟು ಮೆಲ್ಲಗಿದ್ದರೆ ಅಷ್ಟು ಒಳ್ಳೆಯದು, ಅದರ ಜಾಗವೂ ಹಾಡಿನ ಮೈಕಿನ ಕಿವುಡು ದಿಕ್ಕಿನಲ್ಲೇ ಇರಲಿ. ಇಂತಹ ಸಭಾಂಗಣದಲ್ಲಿ ಚಾವಣಿ ನೋಡುವ ಫಿಗರ್-ಎಯ್ಟ್ ಮೈಕ್ ಕೆಲಸಕ್ಕೆ ಬಾರದು. ಮೇಲೆ ತೂಗುವ ಸ್ಪೀಕರುಗಳನ್ನೆಲ್ಲ ಅದು ಕೇಳಿಸಿಕೊಂಡುಬಿಡುತ್ತದೆ. ಸೂಪರ್‌ಕಾರ್ಡಿಯಾಯ್ಡ್ ಮೈಕಿಗೆ ಮರಳಿ.

ಚಪ್ಪಾಳೆಗಾಗಿ ವೇದಿಕೆಯ ಎರಡು ಅಂಚುಗಳಲ್ಲಿ, ಬೆನ್ನು ವೇದಿಕೆಗೆ, ಮುಖ ಸಭೆಗೆ ಇರುವಂತೆ ಎರಡು ಕಾರ್ಡಿಯಾಯ್ಡ್ ಮೈಕ್‌ಗಳು ಸಾಕು.

ಐದನೆಯ ಹಂತ: ಮಟ್ಟ, ಫೈಲು, ಮುಂಜಾಗ್ರತೆ

24 ಬಿಟ್, 48 ಕಿಲೋಹರ್ಟ್ಸ್ ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಈ ಲೆಕ್ಕದಲ್ಲಿ ಒಂದು ಟ್ರ್ಯಾಕಿಗೆ ಗಂಟೆಗೆ ಸುಮಾರು 518 ಮೆಗಾಬೈಟ್ ಬೇಕು, ಅಂದರೆ ಎಂಟು ಟ್ರ್ಯಾಕುಗಳ ಎರಡು ಗಂಟೆಯ ಕಛೇರಿಗೆ 8.3 ಗಿಗಾಬೈಟ್. ಸಾಮಾನ್ಯ ವೇವ್ ಫೈಲ್ 4 ಗಿಗಾಬೈಟ್ ಮೀರಲಾರದು; ನಿಮ್ಮ ರೆಕಾರ್ಡರ್ ಆ ಮಿತಿ ಮುಟ್ಟಿದಾಗ ತಡೆಯಿಲ್ಲದೆ ಹೊಸ ಫೈಲಿಗೆ ದಾಟುತ್ತದೆಯೇ ಎಂಬುದನ್ನು ಮನೆಯಲ್ಲೇ ಪರೀಕ್ಷಿಸಿ.

ಪರೀಕ್ಷೆಯ ವೇಳೆ ಕಲಾವಿದರಿಗೆ ಅತಿ ಜೋರಾದ ಹಾಡಿನ ಅತಿ ಜೋರಾದ ಸಾಲನ್ನೇ ಹಾಡಲು ಕೇಳಿ, ಆಗಿನ ಶಿಖರಗಳು (ಅತಿ ಜೋರಿನ ಕ್ಷಣಗಳು) ರೆಕಾರ್ಡರಿನ ಗರಿಷ್ಠ ಮಿತಿಯಾದ ಸೊನ್ನೆಗಿಂತ ಕೆಳಗೆ, ಮೈನಸ್ 15 ಡೆಸಿಬಲಿನ ಹತ್ತಿರ ಬರುವಂತೆ ಗೇನ್ ಇಡಿ. ಖಾಲಿ ಕುರ್ಚಿಗಳ ಮುಂದೆ ಹಾಡುವುದಕ್ಕೂ ತುಂಬಿದ ಸಭೆಯ ಮುಂದೆ ಹಾಡುವುದಕ್ಕೂ ವ್ಯತ್ಯಾಸವಿದೆ. ಉತ್ಸಾಹ ಏರಿದಂತೆ ಕೈಯೂ ಕಂಠವೂ ಜೋರಾಗುತ್ತವೆ. 24 ಬಿಟ್‌ನಲ್ಲಿ ಮಟ್ಟ ಸ್ವಲ್ಪ ತಗ್ಗಿದ್ದರೆ ಏನೂ ಕೆಡುವುದಿಲ್ಲ, ಆದರೆ ಒಡೆದ ಶಿಖರವನ್ನು ಜೋಡಿಸಲಾಗದು. ಮತ್ತೊಂದು ಸಣ್ಣ ರೆಕಾರ್ಡರನ್ನು ಬೇರೆ ಬ್ಯಾಟರಿ, ಬೇರೆ ಕಾರ್ಡಿನೊಡನೆ ಸ್ಟೀರಿಯೋ ಜೋಡಿಗೆ ಅಥವಾ ಮಿಕ್ಸರಿನ ಔಟ್‌ಪುಟ್‌ಗೆ ಕಟ್ಟಿಡಿ.

ಮಧ್ಯಾಹ್ನದ ಪರೀಕ್ಷೆಯಲ್ಲಿ ನುಡಿಸಿದ್ದನ್ನೆಲ್ಲ ರೆಕಾರ್ಡ್ ಮಾಡಿಕೊಳ್ಳುವುದು ಬಹಳ ಜನ ಮರೆಯುವ ಕೆಲಸ. ಸಂಜೆ ಯಾರಾದರೂ ಸರಿಯಾಗಿ ಪಲ್ಲವಿಯ ಮಧ್ಯದಲ್ಲೇ ಕೆಮ್ಮಿದರೆ, ಅದೇ ಮೈಕ್, ಅದೇ ಜಾಗ, ಅದೇ ಶ್ರುತಿಯ ಇನ್ನೊಂದು ಆವೃತ್ತಿ ಕೈಯಲ್ಲಿರುತ್ತದೆ.

ಕಛೇರಿಯ ಹೊತ್ತು

ಬಾಗಿಲು ತೆರೆದು ಸಭಿಕರು ಒಳಬರುವಾಗಲೇ ರೆಕಾರ್ಡಿಂಗ್ ಶುರುವಾಗಿರಲಿ, ವಿರಾಮದಲ್ಲೂ ನಿಲ್ಲಿಸಬೇಡಿ. ಗೇನ್ ಮುಟ್ಟಬೇಡಿ. ಕಾಗದದ ಮೇಲೆ ಪ್ರತಿ ಹಾಡು ಶುರುವಾದ ಸಮಯವನ್ನೂ, ಕೆಮ್ಮು, ಫೋನಿನ ಸದ್ದು, ತಪ್ಪಿದ ಸಾಲುಗಳನ್ನೂ ಬರೆದುಕೊಳ್ಳುತ್ತಾ ಹೋಗಿ. ಮುಗಿದ ಮೇಲೆ ಒಂದೂ ಕೇಬಲ್ ಸುತ್ತುವ ಮುನ್ನ ಫೈಲುಗಳನ್ನು ಎರಡು ಬೇರೆ ಡಿಸ್ಕುಗಳಿಗೆ ನಕಲು ಮಾಡಿ, ತೆರೆದು ಕೇಳಿ ನೋಡಿ, ಆ ಎರಡನ್ನೂ ಒಂದೇ ಚೀಲದಲ್ಲಿ ಹಾಕದೆ ಹೊರಡಿ.

ಕೊನೆಯ ಹಂತ: ಮಿಶ್ರಣ

ಹಾಡಿನ ಟ್ರ್ಯಾಕೊಂದನ್ನೇ ಮೊದಲು ತೆರೆಯಿರಿ. ಅದರಲ್ಲಿ ಪಿಯಾನೋ ಆಗಲೇ ಇದೆ, ಮಧ್ಯದಲ್ಲಿ, ಸ್ವಲ್ಪ ದೂರದಲ್ಲಿ. ಈಗ ಪಿಯಾನೋದ ಜೋಡಿಯನ್ನು ಎಡಬಲಕ್ಕೆ ಹರಡಿ, ನಿಧಾನವಾಗಿ ಮೇಲೇರಿಸಿ. ವಾದ್ಯ ಅಗಲವಾಗಿ ತೆರೆದುಕೊಂಡು, ಹಾಡು ಇನ್ನೂ ಅದರ ಮುಂದೆಯೇ ನಿಂತಿರುವ ಜಾಗದಲ್ಲಿ ನಿಲ್ಲಿಸಿ. ಪಿಯಾನೋದಿಂದ ಶುರುಮಾಡಿದವರು ಹಾಡನ್ನು ಏರಿಸಿದಾಗಲೆಲ್ಲ ಪಿಯಾನೋದ ಬಣ್ಣ ಬದಲಾಗುವುದನ್ನು ಕಂಡು ಗಂಟೆಗಟ್ಟಲೆ ತಗ್ಗು, ಎತ್ತರದ ಸ್ವರಗಳ ಪ್ರಮಾಣ ಬದಲಿಸುವ ಈಕ್ವಲೈಸರಿನೊಡನೆ ಗುದ್ದಾಡುತ್ತಾರೆ.

ಹಾಡಿನ ಟ್ರ್ಯಾಕಿಗೆ ಗೇಟ್ (ಸದ್ದು ತಗ್ಗಿದೊಡನೆ ಟ್ರ್ಯಾಕನ್ನು ಮುಚ್ಚುವ ಸಾಧನ) ಬೇಡವೇ ಬೇಡ. ಸಾಲು ಮುಗಿದೊಡನೆ ಗೇಟ್ ಮುಚ್ಚಿಕೊಂಡರೆ ಪಿಯಾನೋದ ಮಧ್ಯಭಾಗವೇ ಕುಸಿದುಬೀಳುತ್ತದೆ. ಜೋರಾದದ್ದನ್ನು ತಗ್ಗಿಸಿ ಮಟ್ಟವನ್ನು ಸಮಮಾಡುವ ಕಂಪ್ರೆಸರನ್ನೂ ಕೈ ಬಿಗಿಹಿಡಿದು ಬಳಸಿ, ಏಕೆಂದರೆ ಅದು ಸಾಲುಗಳ ನಡುವೆ ಸೋರಿಕೆಯ ಪಿಯಾನೋವನ್ನು ಎತ್ತಿ, ಹಾಡು ಬಂದೊಡನೆ ಅದುಮಿ, ವಾದ್ಯ ಏದುಸಿರು ಬಿಟ್ಟಂತೆ ಮಾಡುತ್ತದೆ. ಫೇಡರನ್ನು ಸಾಲು ಸಾಲಿಗೆ ಒಂದೆರಡು ಡೆಸಿಬಲ್ ಕೈಯಾರೆ ಏರಿಳಿಸುವುದು ಬೇಸರದ ಕೆಲಸವಾದರೂ ಕೇಳುವವರಿಗೆ ಗೊತ್ತಾಗದಂತೆ ಮಾಡಬಹುದಾದ ಕೆಲಸ ಅದೊಂದೇ. ಹಾಡಿಗೆಂದು ಹಾಕುವ ರಿವರ್ಬ್ (ಕೃತಕ ಅನುರಣನ) ಪಿಯಾನೋಗೂ ಅಂಟುತ್ತದೆ ಎಂಬುದನ್ನು ನೆನಪಿಟ್ಟು, ಇಬ್ಬರಿಗೂ ಒಂದೇ ರಿವರ್ಬ್, ಅದೂ ಮಿತವಾಗಿ, ಕೊಡಿ. ಹಾಡಿನ ಟ್ರ್ಯಾಕಿನಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಬಹುದು; ಪಿಯಾನೋದ ಅತಿ ತಗ್ಗಿನ ಸ್ವರ 27.5 ಹರ್ಟ್ಸ್ ಆದ್ದರಿಂದ ಅದರ ಟ್ರ್ಯಾಕುಗಳಲ್ಲಿ ಹಾಗೆ ಮಾಡಬೇಡಿ.

ಹತ್ತಿರದ ಮೈಕ್‌ಗಳ ಟ್ರ್ಯಾಕುಗಳನ್ನು ಮಿಲಿಸೆಕೆಂಡ್ ಲೆಕ್ಕದಲ್ಲಿ ಹಿಂದೆ ಮುಂದೆ ಸರಿಸಿ ಹೊಂದಿಸಲು ಹೋಗುವುದು ಇಲ್ಲಿ ವ್ಯರ್ಥ: ಹಾಡು ಹೊಂದಿದರೆ ಪಿಯಾನೋ ತಪ್ಪುತ್ತದೆ, ಪಿಯಾನೋ ಹೊಂದಿದರೆ ಹಾಡು. ದೂರದ ಮೈಕ್‌ಗಳ ಮಾತು ಬೇರೆ. ಸಭೆಯೊಳಗೆ ಹತ್ತು ಮೀಟರ್ ದೂರದಲ್ಲಿಟ್ಟ ಜೋಡಿ ಸುಮಾರು 29 ಮಿಲಿಸೆಕೆಂಡ್ ತಡವಾಗಿ ಕೇಳಿರುತ್ತದೆ; ಅದನ್ನು ಅಷ್ಟು ಮೊದಲೇ ಕೇಳಿಸುವಂತೆ ಸರಿಸಿ ನೋಡಿ, ಅಕ್ಷರಗಳ ಅಂಚು ಚೂಪಾಗುತ್ತದೆಯೇ ಎಂದು ಕೇಳಿ ತೀರ್ಮಾನಿಸಿ.

ಆನ್‌ಲೈನಿನಲ್ಲಿ ಹಾಕುವುದಾದರೆ ಮೈನಸ್ 14 ಲಫ್ಸ್‌ನ (ಕಿವಿಗೆ ಅನಿಸುವ ಒಟ್ಟಾರೆ ಜೋರಿನ ಅಳತೆ) ಸುತ್ತಮುತ್ತ, ಶಿಖರ ಮೈನಸ್ 1 ಡೆಸಿಬಲ್ ಮೀರದಂತೆ ಇಟ್ಟರೆ ಸಾಕು. ಅದಕ್ಕಿಂತ ಮೆಲ್ಲಗಿದ್ದರೂ ಈ ಸಂಗೀತಕ್ಕೆ ಕುಂದಿಲ್ಲ. ಕೊನೆಯ ಸ್ವರ ನಿಂತ ಮೇಲೆ, ಕಲಾವಿದರು ಪೆಡಲಿನಿಂದ ಕಾಲು ತೆಗೆಯುವವರೆಗೂ ಸಭೆ ಉಸಿರು ಬಿಗಿಹಿಡಿದಿರುತ್ತದೆ. ಚಪ್ಪಾಳೆಯ ಮೈಕ್‌ಗಳನ್ನು ಆ ಮೌನದಲ್ಲೇ ಮೆಲ್ಲನೆ ತೆರೆಯಲು ಶುರುಮಾಡಿ. ಮೊದಲ ಚಪ್ಪಾಳೆ ಬಿದ್ದ ಮೇಲೆ ತೆರೆದರೆ ಬಾಗಿಲು ತಳ್ಳಿಕೊಂಡು ಜನ ಒಳನುಗ್ಗಿದಂತೆ ಕೇಳಿಸುತ್ತದೆ.